ಹಾಳಾಗಿರುವುದು ಯಾವುದು, ಮಿಸ್?

ನನ್ನ ಅವಲೋಕನ ಪುಸ್ತಕದಲ್ಲಿ ಹದಿನಾಲ್ಕನೆಯ ಪಾಠದ ಎದುರು ಮೂರು ಸಲ 'ಉತ್ತಮ' ಎಂದು ಬರೆದಿದೆ. ತರಗತಿ ನಿರ್ವಹಣೆ ಉತ್ತಮ, ಕಪ್ಪುಹಲಗೆಯ ಬಳಕೆ ಉತ್ತಮ, ಸಮಯ ಪಾಲನೆ ಉತ್ತಮ. ಇಂಟರ್ನ್‌ಶಿಪ್‌ನಲ್ಲಿ ನಾನು ಮಾಡಿದ ಎಲ್ಲ ಪಾಠಗಳಲ್ಲಿ ಅತ್ಯಂತ ಕಳಪೆ ಪಾಠ ಯಾವುದೆಂದು ಯಾರಾದರೂ ಕೇಳಿದರೆ ನಾನು ಅದೇ ಪಾಠವನ್ನು ತೋರಿಸುತ್ತೇನೆ. ಇದು ಮಾರ್ಗದರ್ಶಕ ಶಿಕ್ಷಕರ ಮೇಲಿನ ದೂರಲ್ಲ. ನಮ್ಮ ನಮೂನೆಯಲ್ಲಿ ಇರುವ ಕಲಂಗಳಿಗೆ ಅವರು ಪ್ರಾಮಾಣಿಕವಾಗಿಯೇ ಅಂಕ ಕೊಟ್ಟರು. ಅಂದು ತರಗತಿಯಲ್ಲಿ ನಡೆದ ಮುಖ್ಯ ಸಂಗತಿಗೆ ಆ ನಮೂನೆಯಲ್ಲಿ ಕಲಮೇ ಇರಲಿಲ್ಲ. ಆ ಇಲ್ಲದ ಕಲಮಿನ ಬಗ್ಗೆ ನನ್ನ ಅಭಿಪ್ರಾಯವನ್ನು ಸಹಪ್ರಶಿಕ್ಷಣಾರ್ಥಿಗಳ ಮತ್ತು ನಮ್ಮ ಉಪನ್ಯಾಸಕರ ಮುಂದಿಡಲು ಈ ಲೇಖನ.

ನಡೆದದ್ದು

ನನಗೆ ಇಂಟರ್ನ್‌ಶಿಪ್‌ಗೆ ಸಿಕ್ಕಿದ್ದು ಹೊಳೆನರಸೀಪುರ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆ. ಹಾಸನದಿಂದ ಬೆಳಿಗ್ಗೆಯ ಬಸ್ಸು ಹಿಡಿದರೆ ಪ್ರಾರ್ಥನೆಯ ಹೊತ್ತಿಗೆ ಶಾಲೆಯಲ್ಲಿರಬಹುದು. ಶಾಲೆಯಲ್ಲಿ ಹತ್ತು ಕಂಪ್ಯೂಟರುಗಳ ಕೊಠಡಿಯೊಂದಿತ್ತು. ಬೀಗದ ಕೈ ಮುಖ್ಯೋಪಾಧ್ಯಾಯರ ಮೇಜಿನಲ್ಲಿರುತ್ತಿತ್ತು. ಹತ್ತರಲ್ಲಿ ಐದು ಕಂಪ್ಯೂಟರುಗಳು ಗುಂಡಿ ಒತ್ತಿದರೆ ಸದ್ದು ಮಾಡುತ್ತಿದ್ದವು. ಎಲ್ಲದರಲ್ಲೂ ವಿಂಡೋಸ್ 7. ಅದಕ್ಕೆ ಕಂಪನಿಯ ಬೆಂಬಲ 2020ರ ಜನವರಿ 14ಕ್ಕೇ ನಿಂತಿದೆ. ವಿಂಡೋಸ್ 10ಕ್ಕೂ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಬೇಕೆಂದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ಪು ಮತ್ತು ಈಚಿನ ವರ್ಷಗಳ ಪ್ರೊಸೆಸರ್ ಬೇಕು. ಹಾಗಾಗಿ ನಮ್ಮ ಹಳ್ಳಿ ಶಾಲೆಗಳ ಹಳೆಯ ಯಂತ್ರಗಳ ಮುಂದೆ ಈಗ ಎರಡೇ ದಾರಿ ಇವೆ: ಗುಜರಿ, ಇಲ್ಲವೇ ಲಿನಕ್ಸ್.

ಹತ್ತನೆಯ ತರಗತಿಗೆ ವಿದ್ಯುಚ್ಛಕ್ತಿಯ ಅಧ್ಯಾಯದಲ್ಲಿ ಓಮ್‌ನ ನಿಯಮ ಮಾಡಬೇಕಿತ್ತು. ಪ್ರಯೋಗಾಲಯದಲ್ಲಿದ್ದ ಒಂದೇ ಒಂದು ಅಮ್ಮೀಟರಿನ ಮುಳ್ಳು ಅಲುಗುತ್ತಿರಲಿಲ್ಲ. ಕೊಲೊರಾಡೊ ವಿಶ್ವವಿದ್ಯಾಲಯದವರ ಫೆಟ್ ಅಣಕು ಪ್ರಯೋಗಗಳನ್ನು ಒಮ್ಮೆ ಇಳಿಸಿಕೊಂಡರೆ ಇಂಟರ್ನೆಟ್ ಇಲ್ಲದೆಯೂ ಬ್ರೌಸರಿನಲ್ಲಿ ತೆರೆಯಬಹುದು. ಮೂರು ಪೆನ್‌ಡ್ರೈವ್‌ಗಳಲ್ಲಿ ಲಿನಕ್ಸ್ ಮಿಂಟ್‌ನ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿಯನ್ನು ಹಾಕಿಕೊಂಡು ಹೋದೆ. ಅದನ್ನು ಹಾರ್ಡ್‌ಡಿಸ್ಕ್ ಮುಟ್ಟದೆ ಪೆನ್‌ಡ್ರೈವಿನಿಂದಲೇ 'ಲೈವ್' ಆಗಿ ಓಡಿಸಬಹುದು ಎಂದಾಗ ಮುಖ್ಯೋಪಾಧ್ಯಾಯರು ಒಪ್ಪಿದರು. ಇಪ್ಪತ್ತೊಂದು ಮಕ್ಕಳು, ಮೂರು ಯಂತ್ರಗಳು, ಒಂದೊಂದಕ್ಕೆ ಏಳು ಮಕ್ಕಳು. ಪಾಠ ಯೋಜನೆ 5ಇ ಮಾದರಿಯಲ್ಲಿ ಅಚ್ಚುಕಟ್ಟಾಗಿತ್ತು.

ಮೊದಲ ಯಂತ್ರ ಹಚ್ಚಿದೆ. ಪಟ್ಟಿ ಬಂತು. 'ಸ್ಟಾರ್ಟ್ ಲಿನಕ್ಸ್ ಮಿಂಟ್' ಆರಿಸಿ ಎಂಟರ್ ಒತ್ತಿದೆ. ಪರದೆ ಕಪ್ಪಾಯಿತು. ಒಂದು ಕ್ಷಣದ ನಂತರ 'ನೋ ಸಿಗ್ನಲ್' ಎಂಬ ಚೌಕ ಬಂದು ಅದೂ ಹೋಯಿತು. ಹಿಂದಿನ ಬೆಂಚಿನಲ್ಲಿ ಮಾರ್ಗದರ್ಶಕ ಶಿಕ್ಷಕರು ಪುಸ್ತಕ ತೆರೆದು ಕೂತಿದ್ದರು. ನನ್ನ ಅಂಗೈ ಬೆವರಿತು.

ಆಗ ಮುಂದಿನ ಸಾಲಿನ ಒಬ್ಬ ಹುಡುಗಿ ಕೇಳಿದಳು: "ಹಾಳಾಗಿರೋದು ಯಾವುದು ಮಿಸ್? ಟೀವಿ ಥರದ್ದಾ, ಡಬ್ಬಾನಾ?"

ನಾನು, "ಎರಡೂ ಹಾಳಾಗಿದೆ, ಸುಮ್ಮನಿರು, ಎಲ್ಲರೂ ತರಗತಿಗೆ ನಡೆಯಿರಿ" ಎಂದೆ. ಉಳಿದ ಎರಡು ಯಂತ್ರಗಳನ್ನು ಹಚ್ಚಿಯೂ ನೋಡಲಿಲ್ಲ. ಕಪ್ಪುಹಲಗೆಯ ಮೇಲೆ ಮಂಡಲ ಬರೆದು, ಸೂತ್ರ ಬರೆದು, ಎರಡು ಲೆಕ್ಕ ಮಾಡಿಸಿ, ಗಂಟೆ ಹೊಡೆಯುವುದಕ್ಕೆ ಒಂದು ನಿಮಿಷ ಮುಂಚೆ ಮುಗಿಸಿದೆ. ಆ ಮೂರು 'ಉತ್ತಮ'ಗಳು ಬಂದದ್ದು ಇದಕ್ಕೆ.

ರಾತ್ರಿ ಹಾಸ್ಟೆಲಿನಲ್ಲಿ ಮಲಗಿದಾಗ ನನ್ನನ್ನು ಕಾಡಿದ್ದು ಕಪ್ಪು ಪರದೆಯಲ್ಲ, ಆ ಹುಡುಗಿಯ ಪ್ರಶ್ನೆ. ಪರದೆ ಕಪ್ಪಾದಾಗ ಯಾರೇ ಆದರೂ ಕೇಳಬೇಕಾದ ಮೊದಲ ಪ್ರಶ್ನೆ ಅದೇ. ಭೌತಶಾಸ್ತ್ರದ ಪದವೀಧರೆಯಾದ ನನಗೆ ಹೊಳೆಯದ್ದು ಅವಳಿಗೆ ಹೊಳೆದಿತ್ತು. ನಾನು ಅವಳಿಗೆ ಸುಳ್ಳು ಹೇಳಿ ಬಾಯಿ ಮುಚ್ಚಿಸಿದ್ದೆ. ಏನೂ ಪರೀಕ್ಷಿಸದೆ "ಎರಡೂ ಹಾಳಾಗಿದೆ" ಎನ್ನುವುದು ಸುಳ್ಳಲ್ಲದೆ ಇನ್ನೇನು?

ಮುಂದಿನ ಎರಡು ಶನಿವಾರ

ಮುಖ್ಯೋಪಾಧ್ಯಾಯರ ಅನುಮತಿ ಪಡೆದು ಶನಿವಾರ ಶಾಲೆ ಬಿಟ್ಟ ಮೇಲೆ ಒಂದು ಗಂಟೆ ಆ ಕೊಠಡಿ ತೆರೆದೆವು. ಒಂಬತ್ತು ಮಕ್ಕಳು ಉಳಿದರು. ಆ ಹುಡುಗಿಯೂ ಇದ್ದಳು. ಮೊದಲು ಅವಳ ಕ್ಷಮೆ ಕೇಳಿದೆ. ಅವಳು ನಾಚಿಕೊಂಡಳು. ಉಳಿದವರು ನಕ್ಕರು. ಆಮೇಲೆ ಕೆಲಸಕ್ಕೆ ಕೂತೆವು.

ಅಷ್ಟರಲ್ಲಿ ನಾನು ಒಂದಿಷ್ಟು ಓದಿಕೊಂಡಿದ್ದೆ. ಪಟ್ಟಿ ಕಾಣಿಸುತ್ತದೆ, ಆಮೇಲೆ ಕಪ್ಪಾಗುತ್ತದೆ ಎಂಬುದರಲ್ಲೇ ಒಂದು ಸುಳಿವಿದೆ. ಆರಂಭದ ಪಟ್ಟಿಯನ್ನು ಯಂತ್ರ ತನ್ನ ಹುಟ್ಟುಗುಣದ ಸರಳ ಚಿತ್ರ ವಿಧಾನದಲ್ಲಿ ತೋರಿಸುತ್ತದೆ. ನಾವು ಎಂಟರ್ ಒತ್ತಿದ ಮೇಲೆ ಲಿನಕ್ಸ್‌ನ ತಿರುಳು, ಅಂದರೆ ಕರ್ನೆಲ್, ಮೆಮೊರಿಗೆ ಬಂದು ಚಿತ್ರದ ಹೊಣೆಯನ್ನು ತಾನೇ ವಹಿಸಿಕೊಳ್ಳುತ್ತದೆ. ಮಾನಿಟರ್ ಯಾವುದು, ಅದಕ್ಕೆ ಎಷ್ಟು ಚುಕ್ಕಿಗಳ ಚಿತ್ರ ಬೇಕು, ಸೆಕೆಂಡಿಗೆ ಎಷ್ಟು ಸಲ ಬೇಕು ಎಂದು ನಿರ್ಧರಿಸುತ್ತದೆ. ಈ ಹಸ್ತಾಂತರದ ಹೊತ್ತಿನಲ್ಲೇ ಪರದೆ ಕಪ್ಪಾಗುವುದು ಹೆಚ್ಚು.

ಯಂತ್ರ ಸತ್ತಿದೆಯೋ, ಬರೀ ಚಿತ್ರ ಸತ್ತಿದೆಯೋ ತಿಳಿಯಲು ಒಂದು ಸುಲಭ ಪರೀಕ್ಷೆ ಇದೆ. ಕೀಲಿಮಣೆಯ ಕ್ಯಾಪ್ಸ್ ಲಾಕ್ ಒತ್ತಿ ನೋಡಬೇಕು. ಅದರ ದೀಪ ಹತ್ತಿ ಆರಿದರೆ ಒಳಗೆ ಕರ್ನೆಲ್ ಕೆಲಸ ಮಾಡುತ್ತಿದೆ ಎನ್ನಬಹುದು. ಒಬ್ಬ ಹುಡುಗ ಒತ್ತಿದ. ದೀಪ ಹತ್ತಿತು. "ಉಸಿರಾಡ್ತಾ ಇದೆ ಮಿಸ್!" ಎಂದು ಕೂಗಿದ. ಅದೇ ಪೆನ್‌ಡ್ರೈವನ್ನು ಪಕ್ಕದ ಯಂತ್ರಕ್ಕೆ ಹಾಕಿದೆವು. ಅಲ್ಲಿ ನೇರವಾಗಿ ಓಡಿತು. ಅಂದರೆ ಪೆನ್‌ಡ್ರೈವೂ ತಪ್ಪಿತಸ್ಥನಲ್ಲ. ಎರಡು ನಿಮಿಷದಲ್ಲಿ ಎರಡು ಅನುಮಾನಗಳು ಹೋದವು.

ಆಮೇಲೆ ನಾನು ಓದಿಕೊಂಡಿದ್ದ ಮಂತ್ರ ಹಾಕಿದೆ. ಪಟ್ಟಿಯಲ್ಲಿ ಮೊದಲ ಸಾಲಿನ ಮೇಲೆ ನಿಂತು 'ಇ' ಕೀಲಿ ಒತ್ತಿದರೆ ಆಜ್ಞೆಯ ಸಾಲುಗಳು ತೆರೆಯುತ್ತವೆ. 'ಲಿನಕ್ಸ್' ಎಂದು ಆರಂಭವಾಗುವ ಸಾಲಿನಲ್ಲಿ 'ಕ್ವಯಟ್ ಸ್ಪ್ಲಾಶ್' ಎಂಬ ಎರಡು ಪದಗಳಿರುತ್ತವೆ. ಅವುಗಳ ಜಾಗದಲ್ಲಿ 'ನೋಮೋಡ್‌ಸೆಟ್' ಎಂದು, ನಡುವೆ ಜಾಗ ಬಿಡದೆ, ಎಲ್ಲ ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಎಫ್10 ಒತ್ತಬೇಕು. "ಚಿತ್ರದ ಹೊಣೆ ನೀನು ವಹಿಸಿಕೊಳ್ಳಬೇಡ, ಯಂತ್ರ ಮೊದಲು ತೋರಿಸುತ್ತಿದ್ದ ಹಾಗೆಯೇ ಬಿಡು" ಎಂದು ಕರ್ನೆಲ್ಲಿಗೆ ಹೇಳುವ ಪದ ಇದು. ಟೈಪು ಮಾಡುವುದು ಬೇಡವೆಂದರೆ ಮಿಂಟ್‌ನಲ್ಲಿ 'ಕಂಪ್ಯಾಟಿಬಿಲಿಟಿ ಮೋಡ್', ಉಬುಂಟುವಿನಲ್ಲಿ 'ಸೇಫ್ ಗ್ರಾಫಿಕ್ಸ್' ಎಂಬ ಆಯ್ಕೆ ಇದಕ್ಕಾಗಿಯೇ ಇದೆ.

ಚಿತ್ರ ಬಂತು. ಮಕ್ಕಳು ಚಪ್ಪಾಳೆ ಹೊಡೆದರು. ನಾನು ಗೆದ್ದೆ ಎಂದುಕೊಂಡೆ.

ಅದೇ ಹುಡುಗಿ ಪರದೆಯ ಹತ್ತಿರ ಬಂದು, "ಮಿಸ್, ಅಮ್ಮೀಟರು ಮೊಟ್ಟೆ ಥರ ಇದೆ" ಎಂದಳು. ನೋಡಿದರೆ ಹೌದು. ಪಕ್ಕದ ಯಂತ್ರದಲ್ಲಿ ದುಂಡಗಿದ್ದ ವೃತ್ತ ಇಲ್ಲಿ ಅಡ್ಡಕ್ಕೆ ಹಿಗ್ಗಿತ್ತು. ಸ್ಕೇಲು ಇಟ್ಟು ಅಳೆದಳು. ಅಗಲ 4 ಸೆಂಟಿಮೀಟರ್, ಎತ್ತರ 3 ಸೆಂಟಿಮೀಟರ್. ಮಾನಿಟರಿನದು ಅಡ್ಡಕ್ಕೆ 1366, ಉದ್ದಕ್ಕೆ 768 ಚುಕ್ಕಿಗಳು. ಬರುತ್ತಿದ್ದ ಚಿತ್ರ 1024 ಮತ್ತು 768ರದ್ದು. 1366 ಅನ್ನು 1024ರಿಂದ ಭಾಗಿಸಿದರೆ 1.33, ನಾಲ್ಕನ್ನು ಮೂರರಿಂದ ಭಾಗಿಸಿದರೂ 1.33. ಅನುಪಾತವನ್ನು ನಾನು ಆ ಮಕ್ಕಳಿಗೆ ಇಷ್ಟು ಚೆನ್ನಾಗಿ ಯಾವತ್ತೂ ಪಾಠ ಮಾಡಿರಲಿಲ್ಲ.

"ಹಾಗಾದರೆ ಪಕ್ಕದ್ದಕ್ಕೆ ಬೇಡದ ಆ ಪದ ಇದಕ್ಕೇ ಯಾಕೆ ಬೇಕು?" ಎಂಬುದು ಮುಂದಿನ ಪ್ರಶ್ನೆ. ಅಷ್ಟರಲ್ಲಿ ಗಂಟೆ ಮುಗಿದಿತ್ತು. ಉತ್ತರ ನನಗೆ ಗೊತ್ತಿರಲಿಲ್ಲ. ಈ ಸಲ "ಗೊತ್ತಿಲ್ಲ, ಮುಂದಿನ ಶನಿವಾರ ನೋಡೋಣ" ಎಂದೆ.

ಮುಂದಿನ ಶನಿವಾರ ಮಾನಿಟರುಗಳನ್ನು ಅವುಗಳ ತಂತಿಯ ಸಮೇತ ಅದಲು ಬದಲು ಮಾಡಿದೆವು. ತೊಂದರೆಯ ಯಂತ್ರಕ್ಕೆ ಪಕ್ಕದ ಮಾನಿಟರ್ ಕೊಟ್ಟರೆ ಯಾವ ಮಂತ್ರವೂ ಇಲ್ಲದೆ ಪೂರ್ತಿ ಚಿತ್ರ ಬಂತು. ಹಾಗಾದರೆ ಡಬ್ಬ ಸರಿ ಇದೆ. ಮಾನಿಟರು ಕೆಟ್ಟಿದೆ ಎಂದು ಮಕ್ಕಳು ತೀರ್ಪು ಕೊಟ್ಟರು. ಇನ್ನೊಬ್ಬ ಹುಡುಗ "ತಂತಿನೂ ಬದಲಾಯ್ತಲ್ಲ?" ಎಂದ. ಸರಿಯಾದ ತಂತಿಯನ್ನು ಹಳೆಯ ಮಾನಿಟರಿಗೆ ಹಾಕಿದೆವು. ಅದೂ ಸರಿಯಾಗಿ ತೋರಿಸಿತು. ಉಳಿದದ್ದು ಒಂದೇ, ಆ ನೀಲಿ ತುದಿಯ ವಿಜಿಎ ತಂತಿ.

ವಿಜಿಎ ತಂತಿಯ ತುದಿಯಲ್ಲಿ ಮೂರು ಸಾಲಿನಲ್ಲಿ 15 ಕಡ್ಡಿಗಳಿಗೆ ಜಾಗ. ಮಕ್ಕಳು ಎಣಿಸಿ, "ಮಧ್ಯದ ಸಾಲಲ್ಲಿ ಒಂದು ಕಡ್ಡಿನೇ ಇಲ್ಲ, ಸಿಕ್ಕಿತು!" ಎಂದರು. ಸರಿ ಇದ್ದ ತಂತಿಯನ್ನೂ ನೋಡಿದರೆ ಅಲ್ಲೂ ಅದೇ ಕಡ್ಡಿ ಇರಲಿಲ್ಲ. ಒಂಬತ್ತನೆಯ ಕಡ್ಡಿ ಅನೇಕ ವಿಜಿಎ ತಂತಿಗಳಲ್ಲಿ ಹುಟ್ಟಿನಿಂದಲೇ ಇರುವುದಿಲ್ಲ. ಹೋಲಿಕೆಗೆ ಸರಿಯಾದದ್ದೊಂದು ಪಕ್ಕದಲ್ಲಿ ಇಲ್ಲದಿದ್ದರೆ ನಾವು ತಪ್ಪು ತೀರ್ಮಾನಕ್ಕೆ ಬರುತ್ತಿದ್ದೆವು. ಪ್ರಯೋಗದಲ್ಲಿ ನಿಯಂತ್ರಣ ಏಕೆ ಬೇಕು ಎಂಬುದನ್ನು ಬಿ.ಎಸ್ಸಿ.ಯಲ್ಲಿ ಮೂರು ವರ್ಷ ಓದಿದ್ದೆ. ಅರ್ಥವಾದದ್ದು ಅಂದು. ಮತ್ತೆ ಹುಡುಕಿದಾಗ ಕೆಳಗಿನ ಸಾಲಿನಲ್ಲಿ ಹನ್ನೆರಡನೆಯ ಕಡ್ಡಿ ಬಾಗಿ ಮಲಗಿದ್ದು ಕಂಡಿತು.

ಬಣ್ಣ ಸಾಗಿಸುವುದು ಆ ಕಡ್ಡಿಯ ಕೆಲಸವಲ್ಲ. 12 ಮತ್ತು 15ನೆಯ ಕಡ್ಡಿಗಳ ಮೂಲಕ ಮಾನಿಟರು ತನ್ನ ಪರಿಚಯ ಹೇಳಿಕೊಳ್ಳುತ್ತದೆ. ಇಡಿಐಡಿ ಎನ್ನುವ, ಮೂಲತಃ 128 ಬೈಟುಗಳ ಒಂದು ಪುಟ್ಟ ಪರಿಚಯ ಪತ್ರ ಅದು. ಹಾಜರಿ ಕೂಗುವಾಗ ಮಗು ತರಗತಿಯಲ್ಲೇ ಇದ್ದರೂ 'ಪ್ರೆಸೆಂಟ್' ಎನ್ನದಿದ್ದರೆ ನಾವು ಗೈರುಹಾಜರಿ ಹಾಕುತ್ತೇವಲ್ಲ, ಕರ್ನೆಲ್ಲೂ ಹಾಗೆಯೇ ಮಾಡಿತ್ತು. ಮಾನಿಟರ್ ಇಲ್ಲವೆಂದುಕೊಂಡು ಚಿತ್ರ ಕಳಿಸುವುದನ್ನೇ ಬಿಟ್ಟಿತ್ತು. ಸಣ್ಣ ಚಿಮುಟದಿಂದ ಕಡ್ಡಿಯನ್ನು ಮೆಲ್ಲಗೆ ನೆಟ್ಟಗೆ ಮಾಡಿ ಹಾಕಿದೆವು. ನೋಮೋಡ್‌ಸೆಟ್ ಇಲ್ಲದೆ, ದುಂಡನೆಯ ಅಮ್ಮೀಟರಿನೊಂದಿಗೆ ಚಿತ್ರ ಬಂತು. ಖರ್ಚು ಶೂನ್ಯ.

ನನ್ನ ವಾದ

ನಾನು ಹೇಳಬೇಕಾದದ್ದು ಇಷ್ಟೇ. ಕೆಲಸ ಮಾಡುವ ಪರಿಹಾರವೂ ಕಾರಣದ ತಿಳಿವೂ ಒಂದೇ ಅಲ್ಲ. ಮೊದಲ ಶನಿವಾರ ನನಗೆ ಪರಿಹಾರ ಸಿಕ್ಕಿತ್ತು, ಕಾರಣ ಸಿಕ್ಕಿರಲಿಲ್ಲ. ಅಲ್ಲಿಗೇ ನಿಲ್ಲಿಸಿದ್ದರೆ ಆ ಯಂತ್ರ ಮೊಟ್ಟೆಯಾಕಾರದ ವೃತ್ತಗಳನ್ನು ತೋರಿಸುತ್ತಲೇ ಇರುತ್ತಿತ್ತು. ನಮ್ಮ ತರಗತಿಗಳಲ್ಲಿ ಲೆಕ್ಕದ ಉತ್ತರ ಬಂದರೆ ಸಾಕು ಎನ್ನುವ ಮಗುವಿಗೂ, ಚಿತ್ರ ಬಂದರೆ ಸಾಕು ಎಂದ ನನಗೂ ವ್ಯತ್ಯಾಸವಿಲ್ಲ. ದೋಷ ಪತ್ತೆ ಎಂಬುದು ತಂತ್ರಜ್ಞನ ಕೆಲಸ ಮಾತ್ರವಲ್ಲ. ಅದು ವಿಜ್ಞಾನದ ವಿಧಾನವೇ. ಗಮನಿಸುವುದು, ಊಹಿಸುವುದು, ಒಂದೇ ಒಂದನ್ನು ಬದಲಿಸಿ ನೋಡುವುದು, ಸರಿಯಾದದ್ದರೊಂದಿಗೆ ಹೋಲಿಸುವುದು, ಬರೆದಿಡುವುದು ಎಲ್ಲ ಅದರಲ್ಲಿದೆ. 5ಇ ಮಾದರಿಯ 'ಅನ್ವೇಷಣೆ' ಹಂತಕ್ಕೆ ನಾವು ಕೃತಕ ಚಟುವಟಿಕೆಗಳನ್ನು ಹುಡುಕಿ ಸುಸ್ತಾಗುತ್ತೇವೆ. ಬೀಗ ಹಾಕಿದ ಕೊಠಡಿಯಲ್ಲಿ ನಿಜವಾದ ಅನ್ವೇಷಣೆ ಧೂಳು ತಿನ್ನುತ್ತಾ ಬಿದ್ದಿದೆ.

ನಮ್ಮ ಜಿಲ್ಲೆಯ ರೈತರಿಗೆ ಇದು ಹೊಸದಲ್ಲ. ಆಲೂಗಡ್ಡೆ ಬೆಳೆಯುವ ಹಾಸನದ ಸೀಮೆಯಲ್ಲಿ ಅಂಗಮಾರಿ ರೋಗ ಗೊತ್ತಿಲ್ಲದ ಮನೆ ಅಪರೂಪ. ಎಲೆ ಕಪ್ಪಾದ ಕೂಡಲೇ ಅನುಭವಸ್ಥರು ಔಷಧದ ಅಂಗಡಿಗೆ ಓಡುವುದಿಲ್ಲ. ಎಲೆ ತಿರುಗಿಸಿ ಅಡಿಯಲ್ಲಿ ಬೂಷ್ಟಿದೆಯೇ ನೋಡುತ್ತಾರೆ, ಮೋಡ ಎಷ್ಟು ದಿನ ಕವಿದಿತ್ತೆಂದು ನೆನೆಯುತ್ತಾರೆ, ಪಕ್ಕದ ಹೊಲ ನೋಡುತ್ತಾರೆ. ಮನೆಯಲ್ಲಿ ಇದನ್ನು ಕಂಡ ಮಕ್ಕಳು ಶಾಲೆಗೆ ಬಂದು ಶಿಕ್ಷಕರ ಬಾಯಲ್ಲಿ "ಹಾಳಾಗಿದೆ, ಮುಟ್ಟಬೇಡ" ಎಂಬ ಮಾತು ಕೇಳುತ್ತಾರೆ.

ಗೆಳೆಯರ ಅನುಭವ

ಚನ್ನರಾಯಪಟ್ಟಣ ತಾಲ್ಲೂಕಿನ ಶಾಲೆಯಲ್ಲಿದ್ದ ನನ್ನ ಸಹಪಾಠಿಗೆ ಬೇರೆಯದೇ ತೊಡಕು ಬಂತು. ಹಳೆಯ ಮಾನಿಟರಿನಲ್ಲಿ ಚಿತ್ರ 800×600ಕ್ಕೆ ಇಳಿದು, ಅನುಸ್ಥಾಪನೆಯ ಕಿಟಕಿ ಪರದೆಗಿಂತ ದೊಡ್ಡದಾಗಿ, 'ಮುಂದೆ' ಎನ್ನುವ ಗುಂಡಿ ಪರದೆಯ ಕೆಳಗೆ ಮರೆಯಾಗಿತ್ತು. ಗುಂಡಿ ಕಾಣದೆ ಅರ್ಧ ದಿನ ಕಳೆದಳು. ಆಲ್ಟ್ ಕೀಲಿ ಹಿಡಿದುಕೊಂಡು ಮೌಸ್‌ನಿಂದ ಕಿಟಕಿಯ ಯಾವ ಭಾಗವನ್ನಾದರೂ ಹಿಡಿದು ಮೇಲಕ್ಕೆ ಎಳೆಯಬಹುದು ಎಂದು ಕೊನೆಗೆ ತಿಳಿಯಿತು. ಕೆಲವು ಆವೃತ್ತಿಗಳಲ್ಲಿ ಆಲ್ಟ್ ಬದಲು ವಿಂಡೋಸ್ ಗುರುತಿನ ಕೀಲಿ ಹಿಡಿಯಬೇಕು. ಆಮೇಲೆ ಅವಳು 'ಸಿವಿಟಿ' ಮತ್ತು 'ಎಕ್ಸ್‌ರ್‍ಯಾಂಡರ್' ಆಜ್ಞೆಗಳಿಂದ ಹೊಸ ಚಿತ್ರ ಅಳತೆಯನ್ನು ಸೇರಿಸಿದಳು. 1366 ಕೇಳಿದರೆ ಅದು 1368 ಕೊಟ್ಟಿತಂತೆ. ತಾನೇ ತಪ್ಪು ಟೈಪು ಮಾಡಿದೆ ಎಂದು ಮೂರು ಸಲ ಮತ್ತೆ ಮಾಡಿದಳಂತೆ. ಅದು ತಪ್ಪಲ್ಲ. ಆ ಲೆಕ್ಕದಲ್ಲಿ ಅಡ್ಡ ಚುಕ್ಕಿಗಳ ಸಂಖ್ಯೆ 8ರ ಅಪವರ್ತ್ಯವಾಗಿರಬೇಕು. 1366 ಅನ್ನು 8ರಿಂದ ಭಾಗಿಸಿದರೆ 6 ಶೇಷ ಉಳಿಯುತ್ತದೆ, 1368 ಪೂರ್ತಿ ಭಾಗವಾಗುತ್ತದೆ. ಗಣಿತದ ಪ್ರಶಿಕ್ಷಣಾರ್ಥಿಯಾದ ಅವಳು ಇದನ್ನು ಎಂಟನೆಯ ತರಗತಿಯ ಪಾಠಕ್ಕೆ ಉದಾಹರಣೆಯಾಗಿ ಬಳಸಿದಳು.

ಅರಕಲಗೂಡು ತಾಲ್ಲೂಕಿನಲ್ಲಿದ್ದ ಗೆಳೆಯನ ಕಥೆ ಅಷ್ಟು ಸುಖವಾಗಿಲ್ಲ. ಅದನ್ನು ಬರೆಯಲು ಅವನೇ ಹೇಳಿದ್ದಾನೆ. ಅವನಿಗೆ ಚಿತ್ರದ ತೊಂದರೆ ಬರಲೇ ಇಲ್ಲ, ಎಲ್ಲ ಸರಾಗವಾಗಿ ನಡೆಯಿತು. ಆ ಉತ್ಸಾಹದಲ್ಲಿ 'ಡಿಸ್ಕ್ ಅಳಿಸಿ ಅನುಸ್ಥಾಪಿಸು' ಎಂಬ ಆಯ್ಕೆಯನ್ನು ಓದದೆ ಒತ್ತಿದ. ಆ ಯಂತ್ರದಲ್ಲಿ ಶಿಕ್ಷಕರೊಬ್ಬರು ವರ್ಷಗಳಿಂದ ಕೂಡಿಟ್ಟ ಪ್ರಶ್ನೆಪತ್ರಿಕೆಗಳೂ ವಾರ್ಷಿಕೋತ್ಸವದ ಫೋಟೋಗಳೂ ಇದ್ದವು. ಕೆಲವು ಪತ್ರಿಕೆಗಳು ಅವರಿವರ ಪೆನ್‌ಡ್ರೈವುಗಳಲ್ಲಿ ಸಿಕ್ಕವು. ಫೋಟೋಗಳು ಸಿಗಲಿಲ್ಲ. ಆ ಶಿಕ್ಷಕರು ಬೈಯಲಿಲ್ಲ. ಒಂದು ವಾರ ಇವನೊಂದಿಗೆ ಮಾತಾಡಲೂ ಇಲ್ಲ. ಕಪ್ಪು ಪರದೆ ನಮ್ಮನ್ನು ಹೆದರಿಸುತ್ತದೆ, ಆದರೆ ಅದರಿಂದ ಏನೂ ನಷ್ಟವಾಗುವುದಿಲ್ಲ. ಸರಾಗವಾಗಿ ನಡೆಯುತ್ತಿರುವಾಗಲೇ ಕೈ ತಪ್ಪುತ್ತದೆ. ಆದ್ದರಿಂದ ಅನುಸ್ಥಾಪನೆಗೆ ಮುಂಚೆ ಕಡತಗಳ ಪ್ರತಿ ತೆಗೆದಿಡುವುದು ಸಲಹೆಯಲ್ಲ, ಕಡ್ಡಾಯ. ಅಲ್ಲಿಯವರೆಗೆ ಲೈವ್ ಆಗಿ ಓಡಿಸುವುದೇ ಸಾಕು.

ಆಕ್ಷೇಪಗಳು

"ಶಿಕ್ಷಕರಿಗೆ ಈಗಾಗಲೇ ಬೇಕಾದಷ್ಟು ಕೆಲಸವಿದೆ, ಇನ್ನು ರಿಪೇರಿಯೂ ನಮ್ಮ ತಲೆಗೇ?" ಎಂದು ಸಿಬ್ಬಂದಿ ಕೊಠಡಿಯಲ್ಲಿ ಒಬ್ಬ ಹಿರಿಯರು ಕೇಳಿದರು. ಈ ಮಾತು ನ್ಯಾಯವಾದದ್ದು. ಶಾಲೆಗೆ ತಂತ್ರಜ್ಞರನ್ನು ಕೊಡುವ ಹೊಣೆಯಿಂದ ಯಾರೂ ನುಣುಚಿಕೊಳ್ಳಲು ನನ್ನ ಲೇಖನ ನೆಪವಾಗಬಾರದು. ಆದರೆ ದೋಷ ಎಲ್ಲಿದೆ ಎಂದು ಹೇಳುವುದಕ್ಕೂ ಅದನ್ನು ರಿಪೇರಿ ಮಾಡುವುದಕ್ಕೂ ವ್ಯತ್ಯಾಸವಿದೆ. "ಕಂಪ್ಯೂಟರ್ ಕೆಟ್ಟಿದೆ" ಎಂದು ಬರೆದ ಅರ್ಜಿಗಿಂತ "ಮೂರನೆಯ ಯಂತ್ರದ ವಿಜಿಎ ತಂತಿ ಬದಲಿಸಬೇಕು" ಎಂದು ಬರೆದ ಅರ್ಜಿಗೆ ಬೇಗ ಉತ್ತರ ಸಿಗುತ್ತದೆ.

"ಮಕ್ಕಳಿಗೆ ವಿದ್ಯುತ್ ಅಪಾಯ" ಎಂಬುದು ಎರಡನೆಯದು. ಇದನ್ನೂ ಒಪ್ಪುತ್ತೇನೆ. ಹಳೆಯ ಗಾಜಿನ ಕೊಳವೆಯ ಮಾನಿಟರುಗಳನ್ನೂ, ಯಂತ್ರದೊಳಗಿನ ವಿದ್ಯುತ್ ಪೂರೈಕೆಯ ಪೆಟ್ಟಿಗೆಯನ್ನೂ ಎಂದಿಗೂ ಬಿಚ್ಚಬಾರದು. ಪ್ಲಗ್ ತೆಗೆದ ಮೇಲೂ ಅವುಗಳ ಒಳಗೆ ಅಪಾಯಕಾರಿ ವಿದ್ಯುತ್ ಉಳಿದಿರುತ್ತದೆ. ವಾರಂಟಿಯಲ್ಲಿರುವ ಯಂತ್ರಗಳ ಮೊಹರು ಒಡೆಯಬಾರದು. ನಾವು ಮಾಡಿದ್ದೆಲ್ಲ ಹೊರಗಿನ ತಂತಿ, ಪೆನ್‌ಡ್ರೈವ್ ಮತ್ತು ಕೀಲಿಮಣೆಗಳ ಮಟ್ಟದ್ದು. ತಂತಿ ಬದಲಿಸುವಾಗ ಯಂತ್ರವನ್ನೂ ಮಾನಿಟರನ್ನೂ ಆರಿಸಿದ್ದೆವು. ಹೆಚ್ಚಿನ ತೊಂದರೆಗಳು ಆ ಮಟ್ಟದಲ್ಲೇ ಪತ್ತೆಯಾದವು.

"ನುಡಿ ಇಲ್ಲದೆ ಪ್ರಶ್ನೆಪತ್ರಿಕೆ ಹೇಗೆ ಟೈಪು ಮಾಡುವುದು?" ಎಂಬುದು ನಾನು ಅತಿ ಹೆಚ್ಚು ಸಲ ಕೇಳಿದ ಆಕ್ಷೇಪ. ಲಿನಕ್ಸ್‌ನಲ್ಲಿ ಯೂನಿಕೋಡ್ ಕನ್ನಡವನ್ನು ಕೆಜಿಪಿ ವಿನ್ಯಾಸದಲ್ಲೇ, ಅಂದರೆ ನುಡಿಯಲ್ಲಿ ರೂಢಿಯಾದ ಬೆರಳಿನ ಚಲನೆಯಲ್ಲೇ ಟೈಪು ಮಾಡಬಹುದು. ಗುಬ್ಬಿ, ನವಿಲು ಎಂಬ ಮುಕ್ತ ಅಕ್ಷರಶೈಲಿಗಳೂ ಇವೆ. ಆದರೆ ನುಡಿಯ ಹಳೆಯ, ಯೂನಿಕೋಡ್ ಅಲ್ಲದ ಕಡತಗಳು ಹಾಗೆಯೇ ತೆರೆದರೆ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತವೆ, ಅವನ್ನು ಪರಿವರ್ತಿಸಬೇಕು. ಹೀಗಾಗಿ ಕಚೇರಿಯ ಒಂದು ಯಂತ್ರವನ್ನು ಇದ್ದಂತೆಯೇ ಬಿಟ್ಟು, ಮಕ್ಕಳ ಯಂತ್ರಗಳನ್ನು ಮಾತ್ರ ಬದಲಿಸುವುದು ಜಾಣತನ.

ಇದು ಕನಸಿನ ಮಾತಲ್ಲ

ಗಡಿ ದಾಟಿದರೆ ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳ ಮಕ್ಕಳು ಲಿನಕ್ಸ್‌ನಲ್ಲೇ ಕಲಿಯುತ್ತಿದ್ದಾರೆ. ಐಸಿಟಿ ಪಠ್ಯಪುಸ್ತಕವೂ ಅವರಿಗೆ ಕನ್ನಡದಲ್ಲಿದೆ. ಕೇರಳದಲ್ಲಿ 2001ರಲ್ಲಿ ಆರಂಭವಾದ ಐಟಿ@ಸ್ಕೂಲ್ ಯೋಜನೆ 2017ರಲ್ಲಿ ಕೈಟ್ ಎಂಬ ಸಂಸ್ಥೆಯಾಯಿತು. ಉಬುಂಟು ಆಧಾರದ ಕೈಟ್ ಗ್ನು/ಲಿನಕ್ಸ್ ಅದರದೇ ಆವೃತ್ತಿ. 2018ರಲ್ಲಿ ಆರಂಭವಾದ 'ಲಿಟಲ್ ಕೈಟ್ಸ್' ಕೂಟಗಳಲ್ಲಿ ಪ್ರೌಢಶಾಲೆಯ ಮಕ್ಕಳು ಅನಿಮೇಶನ್, ಸೈಬರ್ ಸುರಕ್ಷತೆಯ ಜೊತೆಗೆ ಯಂತ್ರಾಂಶವನ್ನೂ ಕಲಿಯುತ್ತಾರೆ. ನಮ್ಮಲ್ಲೂ ಡಿಎಸ್‌ಇಆರ್‌ಟಿ, ರಾಷ್ಟ್ರೀಯ ಮಾಧ್ಯಮಿಕ ಶಿಕ್ಷಾ ಅಭಿಯಾನ ಮತ್ತು ಐಟಿ ಫಾರ್ ಚೇಂಜ್ ಸಂಸ್ಥೆ ಸೇರಿ ನಡೆಸಿದ ವಿಷಯ ಶಿಕ್ಷಕರ ವೇದಿಕೆಯ ತರಬೇತಿಗಳಲ್ಲಿ ಸರ್ಕಾರಿ ಪ್ರೌಢಶಾಲಾ ಶಿಕ್ಷಕರು ಉಬುಂಟುವಿನಲ್ಲೇ ಜಿಯೋಜೀಬ್ರಾ ಕಲಿತರು. ಕೊಯರ್ ಎಂಬ ಮುಕ್ತ ಶೈಕ್ಷಣಿಕ ಸಂಪನ್ಮೂಲ ತಾಣ ಆ ಕೆಲಸದಿಂದಲೇ ಬೆಳೆಯಿತು. ಬಹುಶಃ ನಾವು ಇಂಟರ್ನ್‌ಶಿಪ್ ಮಾಡಿದ ಶಾಲೆಗಳಲ್ಲೇ ಆ ತರಬೇತಿ ಪಡೆದ ಹಿರಿಯ ಶಿಕ್ಷಕರಿರಬಹುದು. ನಾವು ಕೇಳಿಲ್ಲ, ಅಷ್ಟೇ.

ಏನು ಮಾಡಬಹುದು

ಬಿ.ಇಡಿ. ಎರಡು ವರ್ಷಗಳ ಕೋರ್ಸ್ ಆದ ಮೇಲೆ ಇಪಿಸಿ-3ರಲ್ಲಿ ಮಾಹಿತಿ ಸಂವಹನ ತಂತ್ರಜ್ಞಾನದ ವಿಮರ್ಶಾತ್ಮಕ ತಿಳಿವಳಿಕೆ ನಮಗೆ ಕಡ್ಡಾಯ. ಅದರ ಪ್ರಾಯೋಗಿಕ ದಾಖಲೆಯಲ್ಲಿ ನಾವೆಲ್ಲ ಮಾಡುವುದು ಸ್ಲೈಡುಗಳನ್ನೇ. ಎಲ್ಲ ಸರಿ ಇರುವ ಯಂತ್ರದಲ್ಲಿ, ಎಲ್ಲ ಸರಿ ಇರುವ ಕೊಠಡಿಯಲ್ಲಿ ಮಾಡುತ್ತೇವೆ. ಶಾಲೆಗೆ ಹೋದ ಮೇಲೆ ಅಲ್ಲಿ ಅಂಥ ಯಂತ್ರ ಇರುವುದಿಲ್ಲ. ಆದ್ದರಿಂದ ಕಾಲೇಜಿನಲ್ಲಿ ಒಂದು ಹಳೆಯ ಯಂತ್ರವನ್ನು ಬೇಕೆಂದೇ ಕೆಡಿಸಿಡಬೇಕು ಎಂದು ನನ್ನ ಮನವಿ. ಒಂದು ದಿನ ತಂತಿ ಸಡಿಲ, ಇನ್ನೊಂದು ದಿನ ಬೂಟ್ ಕ್ರಮ ಅದಲು ಬದಲು, ಮತ್ತೊಂದು ದಿನ ಗ್ರಾಫಿಕ್ಸ್ ಕಾರ್ಡ್ ಇರುವ ಯಂತ್ರದಲ್ಲಿ ಮಾನಿಟರನ್ನು ತಪ್ಪು ಕಿಂಡಿಗೆ ಸಿಕ್ಕಿಸಿಡುವುದು. ಪ್ರಶಿಕ್ಷಣಾರ್ಥಿ ಅದನ್ನು ಸರಿಪಡಿಸಿದನೇ ಎಂಬುದಕ್ಕಲ್ಲ, ಯಾವ ಕ್ರಮದಲ್ಲಿ ಹುಡುಕಿದ, ಅದನ್ನು ಹೇಗೆ ಬರೆದ ಎಂಬುದಕ್ಕೆ ಅಂಕ ಕೊಡಬೇಕು.

ಪಾಠ ಯೋಜನೆಯ ನಮೂನೆಗೆ ಒಂದೇ ಒಂದು ಸಾಲು ಸೇರಲಿ: 'ಉಪಕರಣ ಕೈಕೊಟ್ಟರೆ'. ಅಲ್ಲಿ ಪರ್ಯಾಯ ಚಟುವಟಿಕೆಯೊಂದೇ ಅಲ್ಲ, ಮಕ್ಕಳೊಂದಿಗೆ ಮಾಡುವ ಮೊದಲ ಎರಡು ಪರೀಕ್ಷೆಗಳನ್ನೂ ಬರೆಯಬೇಕು. ಎರಡು ನಿಮಿಷದಲ್ಲಿ ಆಗದಿದ್ದರೆ ಕಪ್ಪುಹಲಗೆಗೆ ಹೋಗಲಿ, ತಪ್ಪಿಲ್ಲ. ಕಪ್ಪುಹಲಗೆಯನ್ನು ನಾನು ಕೀಳಾಗಿ ಕಾಣುತ್ತಿಲ್ಲ. ಅಂದು ನನ್ನ ತಪ್ಪು ಕಪ್ಪುಹಲಗೆಗೆ ಹೋದದ್ದಲ್ಲ, ಪ್ರಶ್ನೆಯೊಂದನ್ನು ತುಳಿದು ಹೋದದ್ದು. ಅವಲೋಕನ ಪುಸ್ತಕದಲ್ಲೂ ಇದಕ್ಕೆ ಒಂದು ಕಲಂ ಇದ್ದರೆ, ಮುಂದಿನ ವರ್ಷದ ಪ್ರಶಿಕ್ಷಣಾರ್ಥಿ ಮೇಲ್ವಿಚಾರಕರ ಮುಂದೆ "ಗೊತ್ತಿಲ್ಲ, ನೋಡೋಣ" ಎನ್ನಲು ಹೆದರುವುದಿಲ್ಲ.

ಶಾಲೆ ಬಿಡುವ ದಿನ ಆ ಕೊಠಡಿಯ ಕಿಟಕಿಗೆ ದಾರ ಕಟ್ಟಿ ಇನ್ನೂರು ಪುಟದ ಒಂದು ನೋಟ್‌ಬುಕ್ ತೂಗುಹಾಕಿ ಬಂದೆವು. ದಿನಾಂಕ, ಯಂತ್ರದ ಸಂಖ್ಯೆ, ಏನು ಕಂಡಿತು, ಏನು ಮಾಡಿದೆವು, ಏನಾಯಿತು ಎಂದು ಐದು ಕಲಂ. ಆಗ ಓಡುತ್ತಿದ್ದ ಯಂತ್ರಗಳು ಐದು. ಆರನೆಯದರ ಎದುರು ಆ ಹುಡುಗಿ ತನ್ನ ಕೈಬರಹದಲ್ಲಿ ಬರೆದಿದ್ದಳು: "ಗುಂಡಿ ಒತ್ತಿದರೆ ಫ್ಯಾನು ತಿರುಗುತ್ತದೆ. ಚಿತ್ರ ಇಲ್ಲ. ಮಾನಿಟರ್ ಬದಲಿಸಿದೆವು, ತಂತಿ ಬದಲಿಸಿದೆವು, ಆದರೂ ಇಲ್ಲ. ಹಾಗಾದರೆ ಡಬ್ಬದ ಒಳಗೆ." ಅದರ ಮುಂದಿನ ಎರಡು ಕಲಂ ಖಾಲಿ ಇವೆ. ಆ ಶಾಲೆಗೆ ಈ ಸಲ ಹೋಗುವ ಕಿರಿಯ ಮಿತ್ರರು ಅಲ್ಲಿಂದ ಮುಂದುವರಿಸಬೇಕೆಂದು ಕೋರುತ್ತೇನೆ.